ನೀರಿನ ಮಾದರಿಯೂ ಅದರ ಸಾಕ್ಷ್ಯವೂ

ನಮ್ಮ ದೇಶದಲ್ಲಿ ಮನೆಗೆ ನೀರು ತರುವ ಕೆಲಸವು ಬಹುಕಾಲದಿಂದಲೂ ಸ್ತ್ರೀಯರ ಪಾಲಿಗೆ ಬಂದಿರುವುದು. ಯಾವ ಬಾವಿಯ ನೀರಿನಲ್ಲಿ ಬೇಳೆಯು ಬೇಗನೆ ಬೇಯುವುದು, ಯಾವುದರಲ್ಲಿ ಸಾಬೂನು ನೊರೆಗಟ್ಟದು, ಯಾವ ಕೆರೆಯ ನೀರು ಬೇಸಗೆಯಲ್ಲಿ ನಾರುವುದು ಎಂಬಿವೇ ಮೊದಲಾದ ಸಂಗತಿಗಳನ್ನು ನಮ್ಮ ತಾಯಂದಿರು ಯಾವ ಪುಸ್ತಕದ ಸಹಾಯವೂ ಇಲ್ಲದೆ ಬಲ್ಲವರಾಗಿದ್ದರು. ಆ ತಿಳಿವಳಿಕೆಯು ಅಲ್ಪವಾದುದೆಂದು ಯಾರೂ ಹೇಳಲಾರರು. ಆದರೆ ಕಣ್ಣು, ಮೂಗು, ನಾಲಗೆ ಎಂಬ ಈ ಮೂವರು ಪರೀಕ್ಷಕರಿಗೂ ಸಿಕ್ಕದೆ ನೀರಿನೊಳಗೆ ಅಡಗಿರುವ ಕೆಡುಕುಗಳು ಹಲವು ಇವೆ. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೇ ವಿಷಮಶೀತಜ್ವರದ ಕ್ರಿಮಿಗಳಿರಬಹುದು. ಹಲ್ಲನ್ನೂ ಎಲುಬನ್ನೂ ಕೆಡಿಸುವ ಫ್ಲೋರೈಡಿರಬಹುದು. ಆರ್ಸೆನಿಕ್ ಎಂಬ ಪಾಷಾಣವೂ ಇರಬಹುದು. ಇವುಗಳನ್ನು ಕಂಡುಹಿಡಿಯುವುದಕ್ಕೆ ನೀರನ್ನು ಸೀಸೆಯಲ್ಲಿ ಹಿಡಿದು ಪರೀಕ್ಷಿಸುವುದೊಂದೇ ಉಪಾಯವು.

ಇಂದು ಜಿಲ್ಲೆಜಿಲ್ಲೆಯಲ್ಲಿಯೂ ನೀರಿನ ಪ್ರಯೋಗಶಾಲೆಗಳುಂಟು. ಒಂದು ಸೀಸೆ ನೀರನ್ನು ಕಳುಹಿಸಿದರೆ ಅಂಕಿಗಳಿಂದ ತುಂಬಿದ ಒಂದು ಕಾಗದವು ಬರುವುದು. "ನಮ್ಮ ಬಾವಿಯ ನೀರು ಪರೀಕ್ಷೆಯಲ್ಲಿ ಒಳ್ಳೆಯದೆಂದು ಬಂದಿತು" ಎಂದು ನಾವು ನೆಮ್ಮದಿಯಿಂದಿರುವೆವು. ಈ ನೆಮ್ಮದಿಗೆ ಆಧಾರವೇನೆಂಬುದನ್ನು ಪ್ರಕೃತ ವಿಚಾರಿಸಬೇಕೆಂದಿದ್ದೇವೆ. ಪ್ರಯೋಗಶಾಲೆಯವರು ಎಷ್ಟೇ ನಿಪುಣರಾಗಿದ್ದರೂ ತಮ್ಮ ಮುಂದಿರುವ ಸೀಸೆಯ ವಿಷಯವನ್ನು ಮಾತ್ರ ಹೇಳಬಲ್ಲರು. ಆ ಸೀಸೆಯು ಇಡೀ ಬಾವಿಯ ಪರವಾಗಿ, ಇಡೀ ವರ್ಷದ ಪರವಾಗಿ ಸಾಕ್ಷ್ಯ ನುಡಿಯಲು ಅರ್ಹವೋ ಅಲ್ಲವೋ ಎಂಬುದು, ಅದನ್ನು ತುಂಬಿದವರ ಕೈಯಲ್ಲಿರುವುದು. ಆದುದರಿಂದ ಮಾದರಿಯನ್ನು ತೆಗೆಯುವುದೂ, ಎಲ್ಲಿ ಯಾವಾಗ ಎಷ್ಟು ಸಲ ತೆಗೆಯಬೇಕೆಂಬ ಯೋಜನೆಯನ್ನು ಹಾಕುವುದೂ ಪರೀಕ್ಷೆಯ ಅರ್ಧ ಭಾಗವೆಂದು ತಿಳಿಯಬೇಕು.

ಈ ವಿದ್ಯೆಯ ಆರಂಭಕಾಲದಲ್ಲಿ ಮುಂದೆ ನಿಂತವರಲ್ಲಿ ಒಬ್ಬ ಮಹಿಳೆಯಿದ್ದರೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿಯು. ಎಲೆನ್ ಸ್ವಾಲೋ ರಿಚರ್ಡ್ಸ್ ಎಂಬವರು ೧೮೪೨ರಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಹುಟ್ಟಿದರು. ಆ ಸಂಸ್ಥಾನದ ಪ್ರಸಿದ್ಧವಾದ ತಂತ್ರವಿದ್ಯಾಶಾಲೆಯಾದ ಎಂ.ಐ.ಟಿ.ಯಲ್ಲಿ ಪ್ರವೇಶ ಪಡೆದ ಮೊದಲನೆಯ ಸ್ತ್ರೀ ಇವರೇ. ೧೮೭೩ರಲ್ಲಿ ಅಲ್ಲಿ ಪದವಿ ಪಡೆದು, ೧೮೮೪ರಿಂದ ೧೯೧೧ರಲ್ಲಿ ತೀರಿಕೊಳ್ಳುವವರೆಗೂ ಆರೋಗ್ಯ ಸಂಬಂಧವಾದ ರಸಾಯನಶಾಸ್ತ್ರವನ್ನು ಅಲ್ಲಿಯೇ ಬೋಧಿಸುತ್ತಿದ್ದರು. ೧೮೮೭ರಲ್ಲಿ ಮ್ಯಾಸಚೂಸೆಟ್ಸಿನ ಆರೋಗ್ಯಮಂಡಲಿಯು ಸಂಸ್ಥಾನದ ಹೊಳೆ, ಸರೋವರ, ಬಾವಿಗಳ ನೀರನ್ನೆಲ್ಲ ಪರೀಕ್ಷಿಸಬೇಕೆಂದು ಕೈಗೊಂಡಾಗ, ಪ್ರೊಫೆಸರ್ ಥಾಮಸ್ ಡ್ರೌನ್ ಎಂಬವರ ಮೇಲ್ವಿಚಾರಣೆಯಲ್ಲಿ ಪ್ರಯೋಗಶಾಲೆಯ ಭಾರವು ಬಹುಮಟ್ಟಿಗೆ ಇವರ ಮೇಲೆ ಬಿದ್ದಿತು. ಸಾವಿರಾರು ಮಾದರಿಗಳು ಒಂದೇ ಕ್ರಮದಿಂದ ಸಂಗ್ರಹವಾಗಿ, ಒಂದೇ ಕ್ರಮದಿಂದ ಪರೀಕ್ಷಿಸಲ್ಪಟ್ಟವು.

ಅವರು ಅಳೆದ ವಸ್ತುಗಳಲ್ಲಿ ಕ್ಲೋರೈಡು ಎಂಬುದೊಂದು. ಅದು ನಮ್ಮ ಅಡಿಗೆಯ ಉಪ್ಪಿನ ಒಂದು ಭಾಗವೇ. ಉಪ್ಪು ಸ್ವಲ್ಪ ಇದ್ದರೆ ಕೇಡೇನೂ ಇಲ್ಲ. ಆದರೆ ಮನುಷ್ಯರ ಮೂತ್ರದಲ್ಲಿಯೂ ಬಚ್ಚಲ ನೀರಿನಲ್ಲಿಯೂ ಉಪ್ಪಿರುವುದರಿಂದಲೂ, ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳದಿರುವುದರಿಂದಲೂ, ನೀರಿಗೆ ಜನವಸತಿಯ ಕೊಳೆ ಸೇರಿದೆಯೇ ಎಂದು ತಿಳಿಯಲು ಅದು ಒಂದು ಗುರುತಾಗಿತ್ತು. ಇಲ್ಲಿ ಒಂದು ತೊಡಕುಂಟು: ಸಮುದ್ರದ ಗಾಳಿಯೂ ಉಪ್ಪನ್ನು ಹೊತ್ತು ತಂದು ಮಳೆಯೊಡನೆ ನೆಲಕ್ಕೆ ಸುರಿಸುವುದು. ಕಡಲತೀರದ ನಿರ್ಮಲವಾದ ಕೊಳದಲ್ಲಿರುವಷ್ಟು ಉಪ್ಪು ಒಳನಾಡಿನ ಬಾವಿಯಲ್ಲಿ ಕಂಡುಬಂದರೆ, ಅಲ್ಲಿ ನಿರ್ದೋಷವಾದ ಅದೇ ಅಂಕಿಯು ಇಲ್ಲಿ ಅಪಾಯದ ಸೂಚನೆಯಾಗುವುದು. ಆದಕಾರಣ ಕೊಳೆ ಸೇರದ ನೀರುಗಳನ್ನು ಆರಿಸಿಕೊಂಡು, ಕಡಲಿನಿಂದ ದೂರ ಹೋದಂತೆಲ್ಲ ಸಹಜವಾದ ಕ್ಲೋರೈಡು ಹೇಗೆ ಕಡಿಮೆಯಾಗುವುದೆಂಬುದನ್ನು ಗೆರೆಗಳಿಂದ ತೋರಿಸುವ ಒಂದು ಭೂಪಟವು ಸಿದ್ಧವಾಯಿತು. ಯಾವ ಊರಿನ ಬಾವಿಯ ಅಂಕಿಯು ಆ ಊರಿನ ಗೆರೆಯ ಅಂಕಿಯನ್ನು ಮೀರುವುದೋ, ಆ ಬಾವಿಯನ್ನು ಸಂದೇಹಿಸಬೇಕಾಗಿತ್ತು.

ಈ ಭೂಪಟದಿಂದ ಕಲಿಯತಕ್ಕ ಪಾಠವು ಮ್ಯಾಸಚೂಸೆಟ್ಸಿಗೆ ಮಾತ್ರ ಸೇರಿದುದಲ್ಲ. ಒಂದು ಅಂಕಿಯು ತಾನಾಗಿಯೇ ಏನನ್ನೂ ಹೇಳಲಾರದು. ಅದನ್ನು ಬೇರೊಂದರೊಡನೆ ಹೋಲಿಸಿದಾಗಲೇ ಅರ್ಥವುಂಟಾಗುವುದು. ಹೋಲಿಸುವುದಕ್ಕೆ ಯೋಗ್ಯವಾಗಬೇಕಾದರೆ ಎಲ್ಲ ಮಾದರಿಗಳನ್ನೂ ಒಂದೇ ಕ್ರಮದಿಂದ ತೆಗೆದಿರಬೇಕು. ಇದೆಲ್ಲಕ್ಕಿಂತ ಮೊದಲು, ನೀರಿಗೆ ನಾವು ಕೇಳುವ ಪ್ರಶ್ನೆ ಯಾವುದೆಂಬುದು ನಮ್ಮ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು.

ಪ್ರಶ್ನೆಯು ಬೇರೆಯಾದರೆ ಸೀಸೆ ತುಂಬುವ ಬಗೆಯೂ ಬೇರೆಯಾಗುವುದೆಂಬುದಕ್ಕೆ ಮನೆಯ ನಲ್ಲಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಊರಿಗೆ ಸರಬರಾಜಾಗುವ ನೀರು ಹೇಗಿದೆಯೆಂದು ತಿಳಿಯಬೇಕಾದರೆ, ನಲ್ಲಿಯ ಬಾಯನ್ನು ಶುಚಿಮಾಡಿ, ಒಂದೆರಡು ನಿಮಿಷ ನೀರನ್ನು ಹರಿಯಬಿಟ್ಟು ಅನಂತರ ಹಿಡಿಯತಕ್ಕದ್ದು. ಆದರೆ ನಮ್ಮ ಮನೆಯ ಹಳೆಯ ಕೊಳವೆಯೇ ನೀರಿಗೆ ಲೋಹವನ್ನು ಬೆರೆಸುತ್ತಿದೆಯೇ ಎಂದು ತಿಳಿಯಬೇಕಾದರೆ, ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತಿದ್ದು ಬೆಳಿಗ್ಗೆ ಮೊದಲು ಬೀಳುವ ನೀರನ್ನೇ ಹಿಡಿಯಬೇಕು. ನಲ್ಲಿಯೂ ಒಂದೇ, ದಿನವೂ ಒಂದೇ. ಆದರೂ ಒಂದು ಪ್ರಶ್ನೆಗೆ ತಕ್ಕ ಮಾದರಿಯು ಮತ್ತೊಂದಕ್ಕೆ ತಕ್ಕುದಲ್ಲ.

ಇನ್ನು ಸೀಸೆಗಳ ವಿಷಯವನ್ನು ಹೇಳುವೆವು. ಕ್ರಿಮಿಗಳ ಪರೀಕ್ಷೆಗಾಗಿ ಪ್ರಯೋಗಶಾಲೆಯವರು ಶುದ್ಧಿಗೊಳಿಸಿ ಕೊಟ್ಟ ಸೀಸೆಯನ್ನೇ ಉಪಯೋಗಿಸಬೇಕು. ಅದನ್ನು ತೊಳೆಯಕೂಡದು; ಬಿರಡೆಯ ಒಳಭಾಗವನ್ನೂ ಸೀಸೆಯ ಬಾಯನ್ನೂ ಬೆರಳಿನಿಂದ ಮುಟ್ಟಕೂಡದು. ಕ್ಲೋರಿನ್ ಬೆರೆಸಿದ ನೀರಿಗಾಗಿ ಕೊಟ್ಟ ಸೀಸೆಯಲ್ಲಿ ಸೋಡಿಯಂ ಥಯೋಸಲ್ಫೇಟ್ ಎಂಬ ಲವಣವನ್ನು ಮೊದಲೇ ಹಾಕಿರುವರು. ಅದಿಲ್ಲದಿದ್ದರೆ ಕ್ಲೋರಿನ್ನು ದಾರಿಯಲ್ಲಿಯೂ ಕ್ರಿಮಿಗಳನ್ನು ಕೊಲ್ಲುತ್ತಿದ್ದು, ನೀರು ವಾಸ್ತವದಲ್ಲಿರುವುದಕ್ಕಿಂತ ಶುದ್ಧವಾಗಿ ಕಾಣುವುದು. ಹೊಳೆಯಲ್ಲಿ ಹಿಡಿಯುವಾಗ ಸೀಸೆಯ ಬುಡವನ್ನು ಹಿಡಿದು, ಬಾಯನ್ನು ಕೆಳಗೆ ಮಾಡಿ, ಸುಮಾರು ಒಂದು ಗೇಣು ಆಳಕ್ಕೆ ಮುಳುಗಿಸಿ, ಪ್ರವಾಹಕ್ಕೆ ಎದುರಾಗಿ ತಿರುಗಿಸಬೇಕು. ಕೈಯ ಮೇಲೆ ಹರಿದ ನೀರು ಸೀಸೆಗೆ ಬರಕೂಡದೆಂಬುದೇ ಇದರ ಉದ್ದೇಶವು. ಪ್ರಯೋಗಶಾಲೆಯಲ್ಲಿ ಕುಲುಕುವುದಕ್ಕೆ ಸ್ವಲ್ಪ ಜಾಗವನ್ನು ಮೇಲೆ ಬಿಡಬೇಕು. ಬಳಿಕ ಸೀಸೆಯನ್ನು ಮಂಜುಗಡ್ಡೆಯಿರುವ ಪೆಟ್ಟಿಗೆಯಲ್ಲಿ, ಬಿಸಿಲು ತಾಗದಂತೆ, ಸಾಧ್ಯವಾದರೆ ೬ ಗಂಟೆಗಳೊಳಗೆ, ಹೆಚ್ಚೆಂದರೆ ೨೪ ಗಂಟೆಗಳೊಳಗೆ ತಲಪಿಸತಕ್ಕದ್ದು. ಬಿಸಿಲಿನಲ್ಲಿ ಬಸ್ಸಿನ ಮೇಲೆ ಪಯಣಮಾಡಿದ ಸೀಸೆಯಲ್ಲಿ ಕ್ರಿಮಿಗಳು ಸತ್ತಿರಲೂಬಹುದು, ಹೆಚ್ಚಿರಲೂಬಹುದು. ಅದರ ಸಾಕ್ಷ್ಯವನ್ನು ನಂಬುವಂತಿಲ್ಲ.

ಲವಣಗಳ ಪರೀಕ್ಷೆಗೆ ಕ್ರಮವು ಬೇರೆ. ಅಲ್ಲಿ ಸೀಸೆಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ ತುಂಬಬೇಕು. ಫ್ಲೋರೈಡಿನ ಪರೀಕ್ಷೆಗಾದರೆ ಗಾಜಿಗಿಂತ ಪ್ಲಾಸ್ಟಿಕ್ ಸೀಸೆಯೇ ಮೇಲು. ಲೋಹಗಳ ಪರೀಕ್ಷೆಗಾದರೆ ಅವು ಸೀಸೆಯ ಗೋಡೆಗೆ ಅಂಟಿಕೊಳ್ಳದಂತೆ ಸ್ವಲ್ಪ ನೈಟ್ರಿಕ್ ಆಮ್ಲವನ್ನು ಸೇರಿಸುವರು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಬೇಕಾದರೆ ಒಂದು ಗುಳ್ಳೆಯೂ ಉಳಿಯದಂತೆ ಸೀಸೆಯನ್ನು ತುಂಬಿ, ೧೮೮೮ರಲ್ಲಿ ಹಂಗೇರಿಯ ವಿಂಕ್ಲರ್ ಎಂಬವರು ಕಂಡುಹಿಡಿದ ಕ್ರಮದಂತೆ ಔಷಧಗಳನ್ನು ದಡದಲ್ಲಿಯೇ ಬೆರೆಸಬೇಕು. ಅಥವಾ ಈಗಿನ ವಿದ್ಯುತ್ ಮಾಪಕವನ್ನು ನೀರಿಗೇ ಇಳಿಸಬೇಕು. ನೀರಿನ ಶಾಖವನ್ನಂತೂ ಸ್ಥಳದಲ್ಲಿಯೇ ನೋಡದೆ ಗತ್ಯಂತರವಿಲ್ಲ. ಕೊಳವೆ ಬಾವಿಯಾದರೆ ಕೊಳವೆಯಲ್ಲಿ ನಿಂತಿದ್ದ ಹಳೆಯ ನೀರೆಲ್ಲ ಹೋಗುವಷ್ಟು ಹೊತ್ತು ಪಂಪನ್ನು ನಡೆಸಿದ ಮೇಲೆಯೇ ಮಾದರಿಯನ್ನು ಹಿಡಿಯಬೇಕು.

ಸೀಸೆಯನ್ನು ಸರಿಯಾಗಿ ತುಂಬುವುದಕ್ಕೆ ಒಂದು ದಿನದಲ್ಲಿ ಕಲಿಸಬಹುದು. ಎಲ್ಲಿ, ಯಾವಾಗ, ಎಷ್ಟು ಸಲ ಎಂಬುದನ್ನು ನಿಶ್ಚಯಿಸುವುದು ಇದಕ್ಕಿಂತ ಕಷ್ಟವಾದುದು.

ಮೊದಲು ಸ್ಥಳದ ಮಾತು. ಒಂದು ಊರಿನ ಬಚ್ಚಲ ನೀರು ಹಳ್ಳಕ್ಕೆ ಸೇರುತ್ತಿದೆಯೆಂದು ಇಟ್ಟುಕೊಳ್ಳೋಣ. ಸೇರುವ ಸ್ಥಳದ ಕೆಳಗೆ ಮಾತ್ರ ಮಾದರಿಯನ್ನು ತೆಗೆದು, ನೀರು ಕೆಟ್ಟಿದೆಯೆಂದು ಸಾರಿದರೆ, ಮೇಲಿನ ಊರಿನಿಂದಲೇ ಕೆಟ್ಟು ಬಂದಿರಬಹುದಲ್ಲವೆ ಎಂದು ಕೇಳುವವರಿಗೆ ಉತ್ತರವಿರದು. ಆದುದರಿಂದ ಮೇಲೆ ಒಂದು, ಎರಡು ನೀರುಗಳೂ ಚೆನ್ನಾಗಿ ಬೆರೆತ ಮೇಲೆ ಕೆಳಗೆ ಒಂದು, ಇನ್ನೂ ಕೆಳಗೆ ಹೊಳೆಯು ಚೇತರಿಸಿಕೊಳ್ಳುವುದೋ ಎಂದು ನೋಡಲು ಮತ್ತೊಂದು, ಹೀಗೆ ಮೂರು ಸ್ಥಳಗಳಾದರೂ ಬೇಕು. ಕೆರೆಯಲ್ಲಾದರೆ ದಡದ ನೀರು ನಡುವಿನ ನೀರಿನಂತಿರದು. ಬೇಸಗೆಯಲ್ಲಿ ಮೇಲಿನ ಬೆಚ್ಚನೆಯ ನೀರಿಗೂ ತಳದ ತಣ್ಣನೆಯ ನೀರಿಗೂ ಬಹಳ ಅಂತರವಿರಬಹುದು.

ಅನಂತರ ಕಾಲದ ಮಾತು. ಹಸುರುಗಟ್ಟಿದ ಕೆರೆಯಲ್ಲಿ ಹಗಲು ಹೊತ್ತು ಪಾಚಿಯು ಬಿಸಿಲಿನ ಬಲದಿಂದ ಆಮ್ಲಜನಕವನ್ನು ಬಿಡುವುದು. ರಾತ್ರಿ ಅದೂ ಉಳಿದ ಜೀವಿಗಳಂತೆ ಆಮ್ಲಜನಕವನ್ನು ಹೀರುವುದು. ಮಧ್ಯಾಹ್ನ ೩ ಗಂಟೆಗೆ ಅಳೆದವರು ಕೆರೆಯು ಸುಸ್ಥಿತಿಯಲ್ಲಿದೆಯೆಂದು ಬರೆದಿಡುವರು. ಅದೇ ಕೆರೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ಮೀನುಗಳು ಉಸಿರು ಸಾಲದೆ ಸಾಯುತ್ತಿರಬಹುದು. ಆದುದರಿಂದ ಪ್ರತಿ ಸಲವೂ ಒಂದೇ ಗಂಟೆಗೆ ಅಳೆಯಬೇಕು. ಕೆಲವು ದಿನಗಳಲ್ಲಾದರೂ ಮುಂಜಾನೆಯಲ್ಲಿ ಅಳೆಯಬೇಕು. ಋತುಗಳೂ ಹಾಗೆಯೇ. ಬೇಸಗೆಯ ಕೊನೆಯಲ್ಲಿ ನೀರು ಇಂಗಿ ಲವಣಗಳು ಸಾಂದ್ರವಾಗುವುವು. ಮೊದಲ ದೊಡ್ಡ ಮಳೆಯು ತಿಂಗಳುಗಟ್ಟಲೆ ನೆಲದ ಮೇಲೆ ಬಿದ್ದಿದ್ದ ಕೊಳೆಯನ್ನೆಲ್ಲ ತೊಳೆದು ತೆರೆದ ಬಾವಿಗೂ ಕೆರೆಗೂ ತರುವುದು. ಜನವರಿಯ ಒಂದು ಒಣದಿನದಲ್ಲಿ ತೆಗೆದ ಮಾದರಿಯು ಜೂನ್ ತಿಂಗಳಿನ ಪರವಾಗಿ ಸಾಕ್ಷ್ಯವನ್ನು ಹೇಳಲಾರದು.

ಎಷ್ಟು ಸಲ ಎಂಬುದಕ್ಕೆ ಸ್ವಲ್ಪ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಬಾವಿಯು ಹತ್ತು ದಿನಗಳಿಗೆ ಒಂದು ದಿನದಂತೆ, ಯಾವ ನಿಯಮವೂ ಇಲ್ಲದೆ, ಕೆಡುವುದೆಂದು ಎಣಿಸೋಣ. ವರ್ಷಕ್ಕೊಮ್ಮೆ ಮಾತ್ರ ಮಾದರಿಯನ್ನು ತೆಗೆದರೆ ಆ ಕೆಡುಕು ತಪ್ಪಿಸಿಕೊಳ್ಳುವ ಸಂಭವವು ನೂರಕ್ಕೆ ೯೦. ತಿಂಗಳಿಗೊಮ್ಮೆಯಂತೆ ೧೨ ಸಲ ತೆಗೆದರೆ, ಹನ್ನೆರಡು ಸಲವೂ ತಪ್ಪಿಸಿಕೊಳ್ಳುವ ಸಂಭವವು ನೂರಕ್ಕೆ ಸುಮಾರು ೨೮ಕ್ಕೆ ಇಳಿಯುವುದು. ೩೦ ಸಲ ತೆಗೆದರೆ ನೂರಕ್ಕೆ ೪ರಷ್ಟು ಮಾತ್ರ ಉಳಿಯುವುದು. ಆದರೆ ಕೆಡುಕು ಮಳೆಯೊಡನೆ ಬರುವುದೆಂದು ಬಲ್ಲವಳಾದ ಗೃಹಿಣಿಯು ಮಳೆ ಬಂದ ಮರುದಿನವೇ ಸೀಸೆಯನ್ನು ತುಂಬಿದರೆ, ಎರಡು ಮೂರು ಮಾದರಿಗಳಲ್ಲಿಯೇ ಉತ್ತರವು ದೊರೆಯಬಹುದು. ಸ್ಥಳೀಯ ತಿಳಿವಳಿಕೆಯು ಹಣವನ್ನು ಉಳಿಸುವ ಬಗೆಯಿದು.

ನಮ್ಮ ಕೈಯ ಕೆಲಸವನ್ನು ನಾವೇ ಪರೀಕ್ಷಿಸಿಕೊಳ್ಳುವುದೂ ಯೋಜನೆಯ ಒಂದು ಅಂಗವು. ಇದಕ್ಕಾಗಿ ಬಟ್ಟಿಯಿಳಿಸಿದ ಶುದ್ಧೋದಕವನ್ನು ಒಂದು ಸೀಸೆಯಲ್ಲಿ ಒಯ್ದು, ಕೆರೆಯ ದಡದಲ್ಲಿ ಬಿರಡೆ ತೆರೆದು ಮುಚ್ಚಿ, ಉಳಿದ ಸೀಸೆಗಳೊಡನೆ ಪರೀಕ್ಷೆಗೆ ಕೊಡುವರು. ಅದರಲ್ಲಿ ಏನಾದರೂ ಕಂಡುಬಂದರೆ ದೋಷವು ಕೆರೆಯದಲ್ಲ, ಸೀಸೆಯದು ಅಥವಾ ಕೈಯದು. ಒಂದೇ ಸ್ಥಳದಲ್ಲಿ ಎರಡು ಸೀಸೆಗಳನ್ನು ತುಂಬಿ, ಅಂಕಿಗಳು ಒಂದಕ್ಕೊಂದು ಹೊಂದುವುವೋ ಎಂದು ನೋಡುವುದೂ ಉಂಟು. ಸ್ಥಳ, ತಾರೀಖು, ಗಂಟೆ, ಹಿಂದಿನ ದಿನದ ಮಳೆ, ನೀರಿನ ಬಣ್ಣ, ವಾಸನೆ, ಹಿಡಿದವರ ಹೆಸರು, ಇವಿಷ್ಟನ್ನೂ ಸೀಸೆಯ ಚೀಟಿಯ ಮೇಲೆಯೂ ಪುಸ್ತಕದಲ್ಲಿಯೂ ಅಲ್ಲಿಯೇ ಬರೆಯಬೇಕು. ಮನೆಗೆ ಬಂದು ನೆನಪಿನಿಂದ ಬರೆದುದಕ್ಕೆ ಬೆಲೆಯಿಲ್ಲ.

ದೊಡ್ಡ ಉಪಕರಣಗಳಿಲ್ಲವೆಂದು ಯಾರೂ ಹಿಂಜರಿಯಬೇಕಾದುದಿಲ್ಲ. ಇಟಲಿಯ ಏಂಜೆಲೊ ಸೆಕ್ಕಿ ಎಂಬ ಖಗೋಲಜ್ಞ ಪಾದ್ರಿಯವರು ೧೮೬೫ರಲ್ಲಿ ಮೆಡಿಟರೇನಿಯನ್ ಸಮುದ್ರದ ತಿಳಿತನವನ್ನು ಅಳೆಯುವುದಕ್ಕೆ ಬಿಳಿಯ ತಟ್ಟೆಗಳನ್ನು ಹಗ್ಗದಿಂದ ಇಳಿಸಿ, ಅವು ಕಣ್ಮರೆಯಾಗುವ ಆಳವನ್ನು ಗುರುತಿಸಿದರು. ಸುಮಾರು ೨೦ ಸೆಂಟಿಮೀಟರು ಅಗಲದ, ಕಪ್ಪು ಬಿಳುಪು ಬಣ್ಣ ಹಚ್ಚಿದ ಇಂಥ ತಟ್ಟೆಯನ್ನು ಇಂದಿಗೂ ಜಗತ್ತಿನ ಸರೋವರಗಳಲ್ಲೆಲ್ಲ ಇಳಿಸುತ್ತಾರೆ. ಒಂದು ತಗಡು, ಒಂದು ಹಗ್ಗ, ಒಂದು ಪುಸ್ತಕ ಇದ್ದರೆ ನಮ್ಮ ಹುಡುಗಿಯರೂ ತಮ್ಮ ಊರಿನ ಕೆರೆಯ ತಿಳಿತನವನ್ನು ವರ್ಷವಿಡೀ ಬರೆದಿಡಬಹುದು.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ, ಏನನ್ನು ಪರೀಕ್ಷಿಸಬೇಕೆಂಬ ಪ್ರಶ್ನೆಯಲ್ಲಿ ತಪ್ಪಿದರೆ ಎಂಥ ಅನರ್ಥವಾಗುವುದೆಂಬುದಕ್ಕೆ ಬಂಗಾಳ ದೇಶವೇ ದೃಷ್ಟಾಂತವು. ಈಗಿನ ಬಾಂಗ್ಲಾದೇಶದಲ್ಲಿ ಕೊಳ ಕುಂಟೆಗಳ ನೀರನ್ನು ಕುಡಿದು ಮಕ್ಕಳು ಅತಿಸಾರದಿಂದ ಸಾಯುತ್ತಿದ್ದರು. ಅದನ್ನು ತಡೆಯುವ ಸದುದ್ದೇಶದಿಂದ ೧೯೭೦ರ ದಶಕದಿಂದ ಮೊದಲ್ಗೊಂಡು ಕೈಪಂಪಿನ ಕೊಳವೆ ಬಾವಿಗಳನ್ನು ಬಹು ದೊಡ್ಡ ಸಂಖ್ಯೆಯಲ್ಲಿ ತೋಡಲಾಯಿತು. ಭೂಮಿಯ ಒಳಗಿನ ನೀರಿನಲ್ಲಿ ರೋಗದ ಕ್ರಿಮಿಗಳು ಕಡಿಮೆ. ಆ ಪ್ರಶ್ನೆಗೆ ಅನುಕೂಲವಾದ ಉತ್ತರವೇ ದೊರೆಯಿತು. ಆದರೆ ಆರ್ಸೆನಿಕ್ ಇದೆಯೇ ಎಂಬ ಪ್ರಶ್ನೆಯನ್ನು ಆ ಬಾವಿಗಳಿಗೆ ಯಾರೂ ಹಾಕುತ್ತಿರಲಿಲ್ಲ. ೧೯೮೩ರಲ್ಲಿ ಕಲ್ಕತ್ತೆಯ ಚರ್ಮವೈದ್ಯರಾದ ಕೆ. ಸಿ. ಸಾಹಾ ಎಂಬವರು ಪಶ್ಚಿಮ ಬಂಗಾಳದ ರೋಗಿಗಳ ಚರ್ಮದಲ್ಲಿ ಆ ವಿಷದ ಗುರುತನ್ನು ಕಂಡರು. ೧೯೯೩ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲಿಯೂ ಅದು ಪತ್ತೆಯಾಯಿತು. ೧೯೯೮–೯೯ರಲ್ಲಿ ಮೂರೂವರೆ ಸಾವಿರ ಬಾವಿಗಳನ್ನು ಕ್ರಮವಾಗಿ ಪರೀಕ್ಷಿಸಿದಾಗ, ಸುಮಾರು ಕಾಲು ಪಾಲು ಬಾವಿಗಳಲ್ಲಿ ಆ ದೇಶದ ಮಿತಿಯಾದ ಲೀಟರಿಗೆ ೦.೦೫ ಮಿಲಿಗ್ರಾಮನ್ನು ವಿಷವು ಮೀರಿತ್ತು. ಕೆಲವೇ ಮಾರು ದೂರದ ಎರಡು ಬಾವಿಗಳಲ್ಲಿ ಒಂದು ಕೆಟ್ಟಿದ್ದು ಮತ್ತೊಂದು ಒಳ್ಳೆಯದಾಗಿರುವುದೂ ಕಂಡುಬಂದುದರಿಂದ, ಒಂದೊಂದು ಪಂಪನ್ನೂ ಪರೀಕ್ಷಿಸಿ, ಕೆಟ್ಟುದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸುರು ಬಣ್ಣವನ್ನು ಬಳಿಯುವ ಕೆಲಸವು ನಡೆಯಿತು. ಅಷ್ಟರೊಳಗೆ ಜನರು ಆ ನೀರನ್ನು ಅನೇಕ ವರ್ಷಗಳ ಕಾಲ ಕುಡಿದಿದ್ದರು.

ನಮ್ಮ ನಾಡಿಗೆ ಈ ಪಾಠವು ದೂರದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಅನೇಕ ಕೊಳವೆ ಬಾವಿಗಳಲ್ಲಿ ಬಂಡೆಯಿಂದ ಕರಗಿ ಬಂದ ಫ್ಲೋರೈಡಿದೆ. ಇದರಿಂದುಂಟಾಗುವ ರೋಗವನ್ನು ಭಾರತದಲ್ಲಿ ೧೯೩೭ರಲ್ಲಿಯೇ ಆಗಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿದ್ದರು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಂ ಫ್ಲೋರೈಡು ಸಮ್ಮತವಾದುದು. ಬೇರೆ ನೀರೇ ಇಲ್ಲದಿದ್ದರೆ ೧.೫ರವರೆಗೆ ಸಹಿಸಬಹುದು. ಮಲಸಂಬಂಧವಾದ ಇ. ಕೋಲಿ ಕ್ರಿಮಿಯಾದರೋ ೧೦೦ ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಕುದಿಸಿದರೆ ಕ್ರಿಮಿಗಳು ಸಾಯುವುವು. ಫ್ಲೋರೈಡು ಹೋಗದು, ನೀರು ಆವಿಯಾದಷ್ಟೂ ಹೆಚ್ಚು ಸಾಂದ್ರವಾಗುವುದು. ಕೊಳವೆ ಬಾವಿಯ ಫ್ಲೋರೈಡು ನಿಧಾನವಾಗಿ ಮಾರ್ಪಡುವುದರಿಂದ ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲೂ ಅನಂತರವೂ, ನೋಡಿದರೆ ಸಾಕಾದೀತು. ಕ್ರಿಮಿಗಳನ್ನಾದರೋ ತಿಂಗಳಿಗೊಮ್ಮೆಯೂ ದೊಡ್ಡ ಮಳೆಯ ಬಳಿಕವೂ ನೋಡತಕ್ಕದ್ದು.

ಈ ಕೆಲಸವು ಈಗ ಪುನಃ ಸ್ತ್ರೀಯರ ಕೈಗೆ ಬಂದಿರುವುದು. ೧೯೮೨ರಲ್ಲಿ ಗ್ವಾಲಿಯರಿನ ಮಾಂಜಾ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ, ಮಲಿನವಾದ ನೀರಾದರೆ ಒಂದೆರಡು ದಿನಗಳಲ್ಲಿ ತಾನೇ ಕಪ್ಪಾಗುವ ಸುಲಭವಾದ ಸೀಸೆಯೊಂದನ್ನು ಪ್ರಕಟಿಸಿದರು. ಅದರಿಂದ ಹಳ್ಳಿಯಲ್ಲಿಯೇ ಕ್ರಿಮಿಗಳ ಪ್ರಾಥಮಿಕ ಪರೀಕ್ಷೆಯು ಸಾಧ್ಯವಾಯಿತು. ೨೦೧೯ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಗ್ರಾಮದಲ್ಲಿಯೂ ಐವರಿಗೆ, ಅದರಲ್ಲಿಯೂ ಮುಖ್ಯವಾಗಿ ಸ್ತ್ರೀಯರಿಗೆ, ಪರೀಕ್ಷಾ ಪೆಟ್ಟಿಗೆಯನ್ನು ಉಪಯೋಗಿಸುವ ಶಿಕ್ಷಣವನ್ನು ಕೊಡುವ ಏರ್ಪಾಡಾಯಿತು. ಪೆಟ್ಟಿಗೆಯು ದೊರೆತರಷ್ಟೇ ಸಾಲದು. ಸೀಸೆಯು ಕಪ್ಪಾದ ದಿನ ಅದನ್ನು ಮುಚ್ಚಿಡದೆ ಊರಿಗೆ ತಿಳಿಸಿ, ನೀರನ್ನು ಕುದಿಸಿ ಕುಡಿಯುವಂತೆ ಹೇಳಿ, ಬಾವಿಗೆ ಕ್ಲೋರಿನ್ ಹಾಕಿಸಿ, ಮತ್ತೆ ಪರೀಕ್ಷಿಸುವ ಧೈರ್ಯವೂ ಬೇಕು. ಬರೆದಿಟ್ಟ ಅಂಕಿಯನ್ನು ಯಾರೂ ಓದದಿದ್ದರೆ, ಅದನ್ನು ಬರೆಯಲು ಪಟ್ಟ ಶ್ರಮವು ವ್ಯರ್ಥವು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ, ದಾದಿಯರೂ, ಪಂಚಾಯತಿಯ ಸದಸ್ಯೆಯರೂ, ಮನೆಗಳನ್ನು ನಡೆಸುವ ತಾಯಂದಿರೂ ಇರುವರು. ಇವರಲ್ಲಿಯೂ ಪೋಷಕರಲ್ಲಿಯೂ ನಮ್ಮದೊಂದು ವಿನಂತಿಯಿದೆ. ನೀರಿನ ಪರೀಕ್ಷೆಯ ಕಾಗದವನ್ನು ಯಾರಾದರೂ ನಿಮ್ಮ ಮುಂದಿಟ್ಟರೆ, "ಒಳ್ಳೆಯದು" ಎಂಬ ಮಾತನ್ನು ಓದುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ: ಈ ನೀರನ್ನು ಎಲ್ಲಿ ಹಿಡಿದಿರಿ? ಯಾವ ದಿನ, ಯಾವ ಹೊತ್ತಿನಲ್ಲಿ ಹಿಡಿದಿರಿ? ಇದರಲ್ಲಿ ಯಾವ ಯಾವ ಕೆಡುಕನ್ನು ಹುಡುಕಿದಿರಿ, ಯಾವುದನ್ನು ಹುಡುಕಲಿಲ್ಲ? ಈ ಮೂರಕ್ಕೂ ಸಮರ್ಪಕವಾದ ಉತ್ತರವು ಬಂದರೆ ಆ ಕಾಗದವನ್ನು ನಂಬಬಹುದು. ಬಾರದಿದ್ದರೆ ಮತ್ತೊಂದು ಸೀಸೆಯನ್ನು ಸರಿಯಾದ ಕ್ರಮದಿಂದ ತುಂಬಿ ಕಳುಹಿಸುವವರೆಗೆ ಮಕ್ಕಳಿಗೆ ಕುದಿಸಿದ ನೀರನ್ನೇ ಕೊಡಿರಿ; ಫ್ಲೋರೈಡಿನ ಸಂದೇಹವಿರುವ ಊರಾದರೆ, ಪರೀಕ್ಷೆಯಲ್ಲಿ ಒಳ್ಳೆಯದೆಂದು ಗೊತ್ತಾದ ಬೇರೊಂದು ಬಾವಿಯಿಂದ ಕುಡಿಯುವ ನೀರನ್ನು ತರಿಸಿರಿ.